ಗೂಟಕ್ಕೆ ಸೇರಿದ ಕೀ

ಕಾಗದಕ್ಕೆ ರುಜು ಬಿದ್ದರೂ ಬೋರಯ್ಯ ಕಾರಿನ ಕೀ ಕೊಡಲಿಲ್ಲ. ಮುಷ್ಟಿಯಲ್ಲಿ ಬಿಗಿಹಿಡಿದು ನಿಂತ. ಹೆಮ್ಮರಗಾಲದ ಅವನ ಕೊಟ್ಟಿಗೆಯಲ್ಲಿದ್ದ, ಟಾಪು ಮಡಚುವ ಆ ಹಳೇ ಕಾರಿನಂಥದ್ದಕ್ಕಾಗಿ ಹರಿಪ್ರಿಯಾ ಹತ್ತು ವರ್ಷ ಊರೂರು ಅಲೆದಿದ್ದಳು.

“ಯಾಕೆ ಯಜಮಾನ್ರೇ, ಮಾರೋಕೆ ಮನಸ್ಸಿಲ್ವಾ?”

“ಮಾರಿದ್ದಾಯ್ತಲ್ಲವ್ವ. ಆದ್ರೆ ಎತ್ತು ಮಾರುದ್ರೂ ನಾವು ಕಣ್ಣಿಹಗ್ಗ ಕೊಡಾಕಿಲ್ಲ. ಕೊಟ್ರೆ ಕೊಟ್ಟಿಗೆ ಬರಿದಾಯ್ತದೆ. ಕೊಂಡೋರು ಒಸದು ತರಬೇಕು.”

ಅವಳು ಕುತೂಹಲದಿಂದ ಗೋಡೆಯತ್ತ ನೋಡಿದಳು. ಗೂಟದಲ್ಲಿ ಹಳೇ ಹಗ್ಗಗಳು ತೂಗುತ್ತಿದ್ದವು. ಬಂದ ನಗುವನ್ನು ತಡೆದುಕೊಂಡು, ನಂಜನಗೂಡಿನಿಂದ ಕೀ ಮಾಡುವವನನ್ನೇ ಕರೆತಂದಳು.

ಸಂಜೆ ಹೊಸ ಕೀಗೆ ಎಂಜಿನ್ ಗುರುಗುಟ್ಟಿತು. ಬೋರಯ್ಯ ಹಳೇ ಕೀಯನ್ನು ಹಗ್ಗಗಳ ಜೊತೆ ತೂಗುಹಾಕಿ ಬಂದು, ಬಾನೆಟ್ಟಿನ ಮೇಲೆ ಕೈಯಾಡಿಸಿದ.

“ಒಸಬ್ರು ಅಂತ ಬೆದರಬ್ಯಾಡ ಕಣ್ಲಾ. ಓಗು.”