ಹೊಡೆಯದೆ ಕಲಿಸಿದ ನಾಯಿ

ದ್ರಾಕ್ಷಿ ತೋಟ ನೋಡಲು ಗಂಡ ಹೆಂಡತಿ ನಾಯಿಯನ್ನೂ ಕರೆದುಕೊಂಡು ಬಂದಿದ್ದರು. ಮೂತಿಗೆ ತಾಗುವಂತೆ ದ್ರಾಕ್ಷಿ ಗೊಂಚಲು ತೂಗುತ್ತಿದ್ದರೂ ನಾಯಿ ಬಾಯಿ ಹಾಕಲಿಲ್ಲ.

"ದ್ರಾಕ್ಷಿ ನಾಯಿಗೆ ವಿಷ. ಮುಟ್ಬೇಡ ಅಂದ್ರೆ ಮುಟ್ಟಲ್ಲ," ಎಂದ ಗಂಡ.

"ಎಷ್ಟ್ ಬಾರಿಸಿದ್ರಿ ಸಾರ್?" ತನ್ನ ನಾಯಿಯನ್ನು ಪಕ್ಕಕ್ಕೆ ಒದೆಯುತ್ತ ತೋಟದ ಮಾಲೀಕ ಕೇಳಿದ. "ಇದರ ಕಾಲೇ ಮುರಿದೆ, ಇನ್ನೂ ಬುದ್ಧಿ ಬಂದಿಲ್ಲ."

"ಥೂ! ಮೂಕಪ್ರಾಣಿ ಕಣ್ರೀ. ಒಂದೇಟೂ ಹೊಡೆದಿಲ್ಲ."

"ಸುಳ್ಳು. ಏಟು ತಿಂದ ಪ್ರಾಣಿ ಕೋಲು ಎತ್ತಿದ ಕೂಡ್ಲೇ ಹೇಳ್ಬಿಡುತ್ತೆ."

"ಎತ್ತಿ ನೋಡಿ ಬೇಕಾದ್ರೆ."

ಮಾಲೀಕ ಬಳ್ಳಿಯ ಪಕ್ಕದ ಗೂಟವೊಂದನ್ನು ಕಿತ್ತು ದಂಪತಿಯ ನಾಯಿಯ ತಲೆಯ ಮೇಲೆ ಸರ್ರನೆ ಎತ್ತಿದ.

ನಾಯಿ ಬಾಲ ಅಲ್ಲಾಡಿಸಿತು.

ನಾಲ್ಕು ಮಾರು ಆಚೆ ನಿಂತಿದ್ದ ಹೆಂಡತಿ, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ನೆಲದ ಮೇಲೆ ಮುದುಡಿ ಕೂತಿದ್ದಳು.