ಗೆಜ್ಜೆಕಟ್ಟೆಯ ತಾವರೆ ಬೇರು

೨೦೯೧ರ ಮೇ ೪, ಬೆಳಿಗ್ಗೆ ೯ ಗಂಟೆ ೨೦ ನಿಮಿಷ. ಪ್ರತಿ ಬೇಸಿಗೆಯಂತೆ ಗೆಜ್ಜೆಕಟ್ಟೆ ಕೆರೆ ನೆಲ ಬಿಟ್ಟು ಆಳೆತ್ತರಕ್ಕೆ ಎದ್ದು ನಿಂತಿತ್ತು. ಅದರ ಹೊಟ್ಟೆಯಿಂದ ತಾವರೆ ಬೇರುಗಳು ಇಳಿಬಿದ್ದಿದ್ದವು. ಕೆಳಗಿನ ಒಣನೆಲದಲ್ಲಿ ಸರ್ವೆಯರ್ ಸೈಟಿನ ಗೂಟ ನೆಡಿಸುತ್ತಿದ್ದ.

“ನಾನೂರು ವರ್ಷದಿಂದ ಹಿಂಗೇ ಏರಿ ಇಳಿಯೋ ಕೆರೆ ಕಣಪ್ಪ. ಮಳೆಗೆ ಬಂದೇ ಬರ್ತದೆ,” ಎಂದಳು ಮೀಸಲು ಕೆರೆಯ ಕಾವಲುಗಾರ್ತಿ ಪುಟ್ಟನಂಜಮ್ಮ.

“ಬರ್ಲಿ ಬಿಡಮ್ಮ. ಅಳೆಯೋ ಹೊತ್ತಲ್ಲಿ ನೆಲದ ಮೇಲೆ ನೀರಿಲ್ಲ ಅಂದ್ರೆ ಕಾನೂನಿಗೆ ಅದು ಕೆರೆಯೇ ಅಲ್ಲ.”

ಅವಳು ಕೈಚಾಚಿ ಒಂದು ಬೇರು ಹಿಡಿದಳು.

“ಏಯ್, ಇಲ್ಲಿ ಗಿಡ ಕೀಳಬಾರ್ದು ಅಂತ ಬೋರ್ಡಿದೆ!”

“ಬೋರ್ಡು ಬರೆದೋಳೇ ನಾನು.”

ಮೂವತ್ತು ವರ್ಷ ಒಂದೆಲೆಯನ್ನೂ ಯಾರಿಗೂ ಮುಟ್ಟಗೊಡದ ಪುಟ್ಟನಂಜಮ್ಮ ಆ ಬೇರನ್ನು ಬುಡಸಮೇತ ಕಿತ್ತಳು. ಆ ತೂತಿನಿಂದ ಕೆರೆ ಧೋ ಎಂದು ಸುರಿಯಿತು.

“ಈಗ ಅಳೆಯಪ್ಪ.”

ನೆಲದ ಮೇಲೆ ನೀರಿನ ಆಳ ಹದಿನೇಳು ಸೆಂಟಿಮೀಟರ್.