ಎಪ್ಪತ್ತಾರು ಗೋಲು

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡಿದೆ. ಇಂದು ಸೋಫಾ ಸಂದಿಯಲ್ಲಿ ಸಿಕ್ಕ ಹಳೆಯ ಕಾರ್ಡೊಂದು ಆ ಮಧ್ಯಾಹ್ನವನ್ನು ಎದುರಿಗಿಟ್ಟಿತು.

ಹ್ಯೂಸ್ಟನ್ ಬಳಿಯ ಕೇಟಿಯಲ್ಲಿ, ಮಗನ ಮನೆಗೆ ನೆಂಟರು ಊಟಕ್ಕೆ ಬಂದಿದ್ದರು. ಎಂಟು ವರ್ಷದ ಮೊಮ್ಮಗಳು ಸ್ಫೂರ್ತಿ, ಐಸ್‌-ಹಾಕಿ ಆಟಗಾರರ ಚಿತ್ರವಿರುವ ಕಾರ್ಡುಗಳ ಕಟ್ಟು ಬಿಚ್ಚಿ ನನ್ನ ಮುಂದೆ ಕುಳಿತಳು. ಸದಾ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದವಳು ಅಂದು ನನಗೆಂದೇ ಕನ್ನಡ ಕಲಿತು ಬಂದಿದ್ದಳು.

“ಅಜ್ಜಾ, ಇವ ಹೊಸಬ. ಮೊದಲ್ನೇ ವರ್ಷಾನೇ ಎಪ್ಪತ್ತಾರು ಗೋಲ್! ಯಾವ ಹೊಸಬಾನೂ ಅಷ್ಟು ಹೊಡ್ದಿಲ್ಲ.”

“ಕೇಳ್ರಿ ಇಕಿ ಕನ್ನಡಾನ! ಬಾಯಾಗ ಐಸ್ ತುಂಬ್ಕೊಂಡಂಗ ಐತಿ,” ಎಂದೆ. ಎಲ್ಲರೂ ನಕ್ಕರು. “ಇನ್ನೊಮ್ಮೆ ಹೇಳವ್ವಾ” ಎಂದು ಮತ್ತೆ ಹೇಳಿಸಿದೆ, ಮತ್ತೆ ನಗಿಸಿದೆ.

ಮೂರನೆಯ ಸಲಕ್ಕೆ ಅವಳು ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿದಳು.

“ನೆವರ್ ಮೈಂಡ್, ಗ್ರ್ಯಾಂಡ್‌ಪಾ.”

ಆಮೇಲೆ ನನ್ನನ್ನು ಅಜ್ಜಾ ಎಂದು ಕರೆಯಲೇ ಇಲ್ಲ. ತಪ್ಪಾಯಿತು ಎಂದು ನಾನೂ ಹೇಳಲಿಲ್ಲ, ಸ್ಫೂರ್ತಿ.